ಕಾಣದ ಪುಟದ ಹೊಣೆ: ಟ್ಯಾಬ್‌ಗಳಿರುವ ಡೈಲಾಗ್ ವಿಂಡೋ ಕಟ್ಟುವ ಬಗೆ

(ಶಿರಸಿಯಲ್ಲಿ ತಂತ್ರಾಂಶ ಬರೆಯುವ ಯುವಕ ಯುವತಿಯರ ಮುಂದೆ ನೀಡಿದ ಉಪನ್ಯಾಸವನ್ನು ಓದಿಗೆ ಹೊಂದುವಂತೆ ತಿದ್ದಿ ಬರೆದಿದ್ದೇನೆ. ಅಂದು ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಸ್ನೇಹಿತರೇ,

ಇಲ್ಲಿ ಕುಳಿತವರಲ್ಲಿ ಹಲವರು ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಯ ಸಹಕಾರಿ ಸಂಘಗಳಿಗೆ, ಅಡಿಕೆ ವಖಾರಿಗಳಿಗೆ, ಅಂಗಡಿಗಳಿಗೆ ಲೆಕ್ಕಪತ್ರದ ತಂತ್ರಾಂಶ ಬರೆಯುತ್ತಿರುವವರು, ಇಲ್ಲವೇ ಬರೆಯಬೇಕೆಂದು ಹೊರಟವರು. ಎಲ್ಲವೂ ಬ್ರೌಸರ್‌ಗೆ ಹೋಗುತ್ತಿರುವ ಈ ಕಾಲದಲ್ಲಿಯೂ ಇಂಥ ಕಡೆಗಳಲ್ಲಿ ಡೆಸ್ಕ್‌ಟಾಪ್ ಅಪ್ಲಿಕೇಶನ್‌ಗೆ ಅದರದೇ ಆದ ಸ್ಥಾನವಿದೆ. ಆಷಾಢದ ಮಳೆ ಹಿಡಿಯಿತೆಂದರೆ ಘಟ್ಟದ ಮೇಲೂ ಕೆಳಗೂ ಇಂಟರ್‌ನೆಟ್ಟನ್ನು ನೆಚ್ಚಿಕೊಂಡು ಕೂರುವಂತಿಲ್ಲ. ತೂಕ ಮುಗಿದ ಚೀಲಗಳಿಗೆ ಅಂದೇ ಪಟ್ಟಿ ಬರೆದುಕೊಡಬೇಕಾದ ಗುಮಾಸ್ತರಿಗೆ ತಮ್ಮ ಮೇಜಿನ ಮೇಲಿನ ಗಣಕದಲ್ಲೇ ನಡೆಯುವ ಪ್ರೋಗ್ರಾಂ ಬೇಕಾಗುತ್ತದೆ. ಅಂಥ ಪ್ರೋಗ್ರಾಂಗಳಲ್ಲಿ ದಿನಕ್ಕೆ ಹತ್ತಾರು ಸಲ ತೆರೆದುಕೊಳ್ಳುವ ಒಂದು ಭಾಗದ ಬಗ್ಗೆ ಇಂದು ಮಾತನಾಡುತ್ತೇನೆ. ಅದು ಟ್ಯಾಬ್‌ಗಳಿರುವ ಡೈಲಾಗ್ ವಿಂಡೋ, ಅಂದರೆ ಮಾಹಿತಿ ತುಂಬಲು ತೆರೆದುಕೊಳ್ಳುವ, ಮೇಲಿನ ಹೆಸರುಗಳನ್ನು (ಅವೇ ಟ್ಯಾಬ್‌ಗಳು) ಒತ್ತಿದಂತೆ ಒಂದೊಂದು ಪುಟ ಕಾಣುವ ಕಿಟಕಿ.

ಟ್ಯಾಬ್‌ಗಳನ್ನು ಪರದೆಯ ಮೇಲೆ ತರುವುದು ಕಷ್ಟದ ಕೆಲಸವಲ್ಲ. ಯಾವ ಟೂಲ್‌ಕಿಟ್ (ವಿಂಡೋ ಕಟ್ಟುವ ಸಿದ್ಧ ಸಾಮಗ್ರಿಗಳ ಕಟ್ಟು) ತೆಗೆದುಕೊಂಡರೂ ಟ್ಯಾಬ್ ಕಂಟ್ರೋಲ್ ಸಿದ್ಧವಾಗಿಯೇ ಇರುತ್ತದೆ; ಕಂಟ್ರೋಲ್ ಎಂದರೆ ಬಟನ್, ಪಟ್ಟಿಯಂಥ ಪರದೆಯ ಬಿಡಿಭಾಗ. ಎಳೆದು ತಂದು ಇಟ್ಟರೆ ಆಯಿತು. ನಾನು ಒತ್ತಿ ಹೇಳಬೇಕೆಂದಿರುವುದು ಅದರ ಆಚೆಗಿನ ಮಾತು. ಬಳಕೆದಾರರು ಒಂದು ಹೊತ್ತಿಗೆ ಒಂದೇ ಪುಟವನ್ನು ನೋಡುತ್ತಾರೆ, ಆದರೆ ಓಕೆ ಒತ್ತಿದಾಗ ಅಷ್ಟೂ ಪುಟಗಳಿಗೆ ಒಪ್ಪಿಗೆ ಕೊಡುತ್ತಾರೆ. ತಾವು ತೆರೆದೇ ನೋಡದ ಪುಟಕ್ಕೂ ಅವರ ಸಹಿ ಬೀಳುತ್ತದೆ. ಆದ್ದರಿಂದ ಆ ಕಾಣದ ಪುಟದಲ್ಲಿ ಏನಿದೆ, ಅದು ಸರಿಯಾಗಿದೆಯೇ, ಅದು ಉಳಿಯಿತೇ ಎಂಬುದರ ಹೊಣೆ ಪೂರ್ತಿಯಾಗಿ ನಮ್ಮದು, ಎಂದರೆ ತಂತ್ರಾಂಶ ಬರೆದವರದು. ಇನ್ನು ಮುಂದೆ ನಾನು ಹೇಳುವುದೆಲ್ಲ ಈ ಹೊಣೆಯಿಂದಲೇ ಹುಟ್ಟಿದ್ದು.

ಈ ಬಗೆಯ ವಿಂಡೋ ತೀರ ಹೊಸದೇನಲ್ಲ. 1992ರಲ್ಲಿ ಐಬಿಎಂ ಹೊರತಂದ ಓಎಸ್/2ರ 2.0 ಆವೃತ್ತಿಯಲ್ಲಿ ನೋಟ್‌ಬುಕ್ ಎಂಬ ಕಂಟ್ರೋಲ್ ಇತ್ತು. ವಿಂಡೋಸ್ 95 ಬಂದಾಗ ಪ್ರಾಪರ್ಟಿ ಶೀಟ್ ಎಂಬ ಹೆಸರಿನಲ್ಲಿ ಅದು ಎಲ್ಲರ ಮನೆಯ ಗಣಕಕ್ಕೂ ಬಂತು. ಪರದೆ ಚಿಕ್ಕದು, ತುಂಬಬೇಕಾದ ಮಾಹಿತಿ ದೊಡ್ಡದು, ಹಾಗಾಗಿ ಒಂದೇ ಜಾಗವನ್ನು ಹಲವು ಪುಟಗಳು ಸರದಿಯಲ್ಲಿ ಬಳಸಲಿ ಎಂಬುದೇ ಅದರ ಹಿಂದಿನ ವಿಚಾರ. ಅಂಚಿನಲ್ಲಿ ಅಕ್ಷರ ಕತ್ತರಿಸಿಟ್ಟ ಹಳೆಯ ಖಾತೆ ಪುಸ್ತಕವನ್ನು ಬಳಸಿದವರಿಗೆ ಟ್ಯಾಬಿನ ನೋಟ ತಟ್ಟನೆ ಅರ್ಥವಾಗುತ್ತದೆ. ಆದರೆ ಖಾತೆ ಪುಸ್ತಕದಲ್ಲಿ ಒಂದು ಪುಟದಲ್ಲಿ ಬರೆದದ್ದು ಬರೆದ ಕ್ಷಣವೇ ದಾಖಲಾಯಿತು, ಇನ್ನೊಂದು ಪುಟದ ಗೊಡವೆ ಅದಕ್ಕಿಲ್ಲ. ಡೈಲಾಗ್‌ನಲ್ಲಿ ಯಾವುದೂ ಓಕೆ ಒತ್ತುವವರೆಗೆ ದಾಖಲಾಗುವುದಿಲ್ಲ, ಒತ್ತಿದ ಮೇಲೆ ಎಲ್ಲವೂ ಒಟ್ಟಿಗೆ ದಾಖಲಾಗಬೇಕು. ಹೋಲಿಕೆ ನಿಲ್ಲುವುದು ಅಲ್ಲಿಗೇ.

ಮಾತು ಗಾಳಿಯಲ್ಲಿ ಹೋಗದಿರಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಡಿಕೆ ವ್ಯಾಪಾರದ ಒಂದು ಪ್ರೋಗ್ರಾಂನಲ್ಲಿ ‘ಬೆಳೆಗಾರರ ಮಾಹಿತಿ’ ಎಂಬ ವಿಂಡೋ ಇದೆ ಎನ್ನಿ. ಅದರಲ್ಲಿ ಐದು ಪುಟಗಳು: ವಿಳಾಸ, ತೋಟ, ಬ್ಯಾಂಕ್, ಕಡಿತ, ನಾಮಿನಿ. ವಿಳಾಸದಲ್ಲಿ ಹೆಸರು, ಊರು, ಅಂಚೆ, ಫೋನು. ತೋಟದಲ್ಲಿ ಪಹಣಿಯಂತೆ ಸರ್ವೆ ನಂಬರ್, ಹಿಸ್ಸಾ, ಎಕರೆ, ಗುಂಟೆ, ಜೊತೆಗೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇದೆಯೇ ಎಂಬ ಒಂದು ಗುರುತು. ಬ್ಯಾಂಕ್ ಪುಟದಲ್ಲಿ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ. ಕಡಿತದಲ್ಲಿ ಹಮಾಲಿ, ಗೋದಾಮು ಬಾಡಿಗೆ, ಸಾಲದ ಕಂತು. ವಿಂಡೋದ ಕೆಳಗೆ, ಪುಟಗಳ ಹೊರಗೆ, ಓಕೆ ಮತ್ತು ಕ್ಯಾನ್ಸಲ್ ಬಟನ್‌ಗಳು.

‘ಪುಟಗಳ ಹೊರಗೆ’ ಎಂದದ್ದು ಸುಮ್ಮನಲ್ಲ. ಬಟನ್ ಪುಟದ ಒಳಗಿದ್ದರೆ ಅದು ಆ ಪುಟದ ಕೆಲಸವನ್ನಷ್ಟೇ ಮಾಡುತ್ತದೆ ಎಂದು ಯಾರಾದರೂ ತಿಳಿಯುತ್ತಾರೆ. ಹೊರಗಿದ್ದರೆ ಇಡೀ ವಿಂಡೋಗೆ ಸೇರಿದ್ದೆಂದು ತಿಳಿಯುತ್ತಾರೆ. ಬ್ಯಾಂಕ್ ಪುಟದೊಳಗೆ ‘ಪಾಸ್‌ಬುಕ್ ಚಿತ್ರ ಸೇರಿಸಿ’ ಎಂಬ ಬಟನ್ ಇರಬಹುದು, ಆದರೆ ‘ಉಳಿಸಿ’ ಎಂಬುದು ಅಲ್ಲಿ ಇರಕೂಡದು. ಪುಟಕ್ಕೊಂದು ಉಳಿಸುವ ಬಟನ್, ಕೆಳಗೆ ಮತ್ತೊಂದು ಓಕೆ ಎಂದು ಎರಡನ್ನೂ ಇಟ್ಟರೆ ಯಾವುದು ಯಾವುದನ್ನು ಉಳಿಸಿತು ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ.

ಪುಟಗಳನ್ನು ಹಂಚುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಪುಟಗಳು ಒಂದರ ಪಕ್ಕದಲ್ಲಿ ಒಂದು ನಿಲ್ಲುವಂಥವೇ ಅಥವಾ ಒಂದಾದ ಮೇಲೆ ಒಂದು ಬರುವಂಥವೇ ಎಂಬುದು. ಟ್ಯಾಬ್‌ಗಳು ಪಕ್ಕಪಕ್ಕದಲ್ಲಿ ನಿಲ್ಲುವಂಥವಕ್ಕೆ ಮಾತ್ರ ಸಲ್ಲುತ್ತವೆ. ಯಾವ ಪುಟಕ್ಕೆ ಮೊದಲು ಹೋದರೂ, ಯಾವುದಕ್ಕೆ ಹೋಗದೇ ಇದ್ದರೂ ನಡೆಯಬೇಕು. ಮೊದಲ ಪುಟ ತುಂಬದೆ ಎರಡನೆಯದಕ್ಕೆ ಅರ್ಥವೇ ಇಲ್ಲವೆಂದಾದರೆ ಅಲ್ಲಿ ಬೇಕಾದದ್ದು ಹೆಜ್ಜೆ ಹೆಜ್ಜೆಯಾಗಿ ನಡೆಸುವ ವಿಝಾರ್ಡ್.

ಇದರ ಇನ್ನೊಂದು ಮಗ್ಗುಲು ಹೆಚ್ಚು ಸೂಕ್ಷ್ಮವಾದದ್ದು. ತೋಟದ ಪುಟದಲ್ಲಿ ಬೆಳೆಗಾರರು ಮುಖ್ಯವಾಗಿ ತರುವ ಮಾಲು ಯಾವುದು ಎಂದು ಆರಿಸುವ ಒಂದು ಪಟ್ಟಿ ಇದೆ ಎಂದುಕೊಳ್ಳಿ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು. ಅದನ್ನು ರಾಶಿಯಿಂದ ಚಾಲಿಗೆ ಬದಲಿಸಿದ ಕೂಡಲೇ ಕಡಿತದ ಪುಟದಲ್ಲಿನ ಹಮಾಲಿ ದರ ತಾನಾಗಿ ಬದಲಾಗುವಂತೆ ಬರೆದರೆ, ಬರೆದವರಿಗೆ ಅದು ಅನುಕೂಲವೆಂದೇ ತೋರುತ್ತದೆ. ಗುಮಾಸ್ತರ ಕಡೆಯಿಂದ ನೋಡಿ. ಅವರು ಕಡಿತದ ಪುಟವನ್ನು ಮೊದಲೇ ನೋಡಿ, ಆ ಬೆಳೆಗಾರರಿಗೆಂದೇ ಒಪ್ಪಿಕೊಂಡ ದರವನ್ನು ತುಂಬಿ, ಆಮೇಲೆ ತೋಟದ ಪುಟಕ್ಕೆ ಬಂದಿದ್ದಾರೆ. ಅವರ ಕಣ್ಣೆದುರು ಬದಲಾದದ್ದು ಮಾಲಿನ ಹೆಸರು ಮಾತ್ರ. ಬೆನ್ನ ಹಿಂದೆ ದರವೂ ಬದಲಾಯಿತು ಎಂಬುದು ಪಟ್ಟಿ ಮುದ್ರಣವಾಗಿ ಬೆಳೆಗಾರರು ಕೇಳಿದಾಗಲೇ ಗೊತ್ತಾಗುವುದು. ಒಂದು ಪುಟದಲ್ಲಿ ಮಾಡಿದ ಕೆಲಸ ಇನ್ನೊಂದು ಪುಟದಲ್ಲಿರುವುದನ್ನು ಕಣ್ಣು ತಪ್ಪಿಸಿ ತಿದ್ದಬಾರದು. ಪರಸ್ಪರ ಸಂಬಂಧವಿರುವ ಫೀಲ್ಡ್‌ಗಳು (ಮಾಹಿತಿ ತುಂಬುವ ಜಾಗಗಳು) ಒಂದೇ ಪುಟದಲ್ಲಿರಲಿ. ಅದು ಸಾಧ್ಯವಾಗದಿದ್ದರೆ ಬದಲಿಸಿದ ಜಾಗದಲ್ಲೇ, ಆ ಪಟ್ಟಿಯ ಕೆಳಗೇ, ‘ಕಡಿತದ ಪುಟದಲ್ಲಿ ಹಮಾಲಿ ದರ ಬೇರೆ ಇದೆ, ನೋಡಿ’ ಎಂದು ತಿಳಿಸಿ, ತಿದ್ದುವ ಕೆಲಸವನ್ನು ಅವರಿಗೇ ಬಿಡಿ.

ಇನ್ನು ಒಳಗಿನ ಕಟ್ಟೋಣ. ಪ್ರತಿ ಪುಟವೂ ತನ್ನದೇ ಕ್ಲಾಸ್ (ಕೋಡಿನ ಪ್ರತ್ಯೇಕ ಘಟಕ) ಆಗಿರಲಿ. ಐದು ಪುಟಗಳ ಅರವತ್ತು ಫೀಲ್ಡ್‌ಗಳನ್ನು ಒಂದೇ ಫಾರಂನ ಒಂದೇ ಕಡತದಲ್ಲಿ ಇಟ್ಟುಕೊಂಡರೆ ಮರುವರ್ಷ ಒಂದು ಫೀಲ್ಡ್ ಸೇರಿಸಬೇಕಾದಾಗ ಕೈ ನಡುಗುತ್ತದೆ. ಕ್ಯೂಟ್ ಎಂಬ ಟೂಲ್‌ಕಿಟ್‌ನಲ್ಲಿ ಪ್ರತಿ ಪುಟವೂ ಒಂದು ಕ್ಯೂವಿಜೆಟ್, ಅವನ್ನು ಹಿಡಿದಿಡಲು ಕ್ಯೂಟ್ಯಾಬ್‌ವಿಜೆಟ್, ಕೆಳಗಿನ ಬಟನ್‌ಗಳಿಗೆ ಕ್ಯೂಡೈಲಾಗ್‌ಬಟನ್‌ಬಾಕ್ಸ್. ವಿಂಡೋಸ್ ಫಾರ್ಮ್ಸ್‌ನಲ್ಲಿ ಟ್ಯಾಬ್‌ಕಂಟ್ರೋಲ್ ಮತ್ತು ಟ್ಯಾಬ್‌ಪೇಜ್. ಜಾವಾ ಸ್ವಿಂಗ್‌ನಲ್ಲಿ ಜೆಡೈಲಾಗ್‌ನೊಳಗೆ ಜೆಟ್ಯಾಬ್ಡ್‌ಪೇನ್. ಪೈಥಾನ್‌ನಲ್ಲಿ ಟಿಟಿಕೆಯ ನೋಟ್‌ಬುಕ್. ಹೆಸರುಗಳು ಬೇರೆಯಾದರೂ ಸಾಮಾನು ಒಂದೇ. ಬಟನ್‌ಬಾಕ್ಸ್ ಬಗ್ಗೆ ಮಾತ್ರ ಒಂದು ಮಾತು: ವಿಂಡೋಸ್‌ನಲ್ಲಿ ಓಕೆ ಎಡಕ್ಕೆ, ಕ್ಯಾನ್ಸಲ್ ಬಲಕ್ಕೆ ಬರುವುದು ರೂಢಿ, ಲಿನಕ್ಸ್‌ನ ಗ್ನೋಮ್ ಮತ್ತು ಮ್ಯಾಕ್‌ನಲ್ಲಿ ಒಪ್ಪಿಗೆಯ ಬಟನ್ ಬಲತುದಿಯಲ್ಲಿರುತ್ತದೆ. ಕ್ಯೂಟ್ ಆಯಾ ವ್ಯವಸ್ಥೆಗೆ ತಕ್ಕಂತೆ ಅದನ್ನು ತಾನೇ ಜೋಡಿಸುತ್ತದೆ, ಕೈಯಿಂದ ಇಡಲು ಹೋಗಬೇಡಿ.

ಪ್ರತಿ ಪುಟಕ್ಕೂ ಮೂರು ಕೆಲಸಗಳನ್ನು ಕೊಡಿ: ಕೊಟ್ಟ ದಾಖಲೆಯಿಂದ ಫೀಲ್ಡ್‌ಗಳನ್ನು ತುಂಬಿಕೊಳ್ಳುವುದು, ದಾಖಲೆ ಸರಿಯಾಗಿದೆಯೇ ಎಂದು ಪರಿಶೀಲಿಸಿ ಹೇಳುವುದು, ಫೀಲ್ಡ್‌ಗಳಲ್ಲಿ ಬದಲಾದದ್ದನ್ನು ದಾಖಲೆಗೆ ಹಾಕುವುದು. ಇಲ್ಲಿ ‘ದಾಖಲೆ’ ಎಂದರೆ ಡೇಟಾಬೇಸಿನಲ್ಲಿರುವುದಲ್ಲ. ವಿಂಡೋ ತೆರೆದಾಗ ಬೆಳೆಗಾರರ ಮಾಹಿತಿಯ ಒಂದು ನಕಲನ್ನು ಮೆಮೊರಿಯಲ್ಲಿ ಮಾಡಿಕೊಳ್ಳಬೇಕು. ಐದೂ ಪುಟಗಳು ಕೆಲಸ ಮಾಡುವುದು ಆ ಒಂದು ನಕಲಿನ ಮೇಲೆ. ಕ್ಯಾನ್ಸಲ್ ಒತ್ತಿದರೆ ನಕಲನ್ನು ಎಸೆದರೆ ಮುಗಿಯಿತು. ಓಕೆ ಒತ್ತಿದರೆ ಐದೂ ಪುಟಗಳ ಪರಿಶೀಲನೆ ಮೊದಲು ನಡೆಯಬೇಕು, ಎಲ್ಲವೂ ಸರಿಯಿದ್ದಾಗ ಮಾತ್ರ ನಕಲು ಡೇಟಾಬೇಸಿಗೆ ಹೋಗಬೇಕು. ಮೊದಲ ಪುಟ ಪರಿಶೀಲಿಸಿ ಉಳಿಸಿ, ಎರಡನೆಯದನ್ನು ಪರಿಶೀಲಿಸಿ ಉಳಿಸಿ ಎಂದು ನಡೆದರೆ ನಾಲ್ಕನೆಯ ಪುಟದಲ್ಲಿ ತಪ್ಪು ಸಿಕ್ಕಾಗ ಮೊದಲ ಮೂರು ಆಗಲೇ ಒಳಗೆ ಹೋಗಿರುತ್ತವೆ. ಆಮೇಲೆ ಗುಮಾಸ್ತರು ಕ್ಯಾನ್ಸಲ್ ಒತ್ತಿದರೂ ಅವು ಹಿಂದಕ್ಕೆ ಬರುವುದಿಲ್ಲ.

ಡೇಟಾಬೇಸಿಗೆ ಬರೆಯುವುದೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ, ಅಂದರೆ ಎಲ್ಲವೂ ಉಳಿಯಬೇಕು ಇಲ್ಲವೇ ಯಾವುದೂ ಉಳಿಯಬಾರದು ಎಂಬ ಒಂದೇ ಗಂಟಿನಲ್ಲಿ, ಆಗಬೇಕು. ವಿಳಾಸ ಒಂದು ಟೇಬಲ್ಲಿಗೆ, ತೋಟದ ಸರ್ವೆ ನಂಬರ್‌ಗಳು ಇನ್ನೊಂದಕ್ಕೆ, ನಾಮಿನಿ ಮತ್ತೊಂದಕ್ಕೆ ಹೋಗುತ್ತವೆ. ನಡುವೆ ಕರೆಂಟು ಹೋಗಿ, ಯುಪಿಎಸ್ ಕೈಕೊಟ್ಟರೆ? ನಮ್ಮ ಮಳೆಗಾಲದಲ್ಲಿ ಇದು ಪುಸ್ತಕದ ಪ್ರಶ್ನೆಯಲ್ಲ. ಎಸ್‌ಕ್ಯೂಲೈಟ್‌ನಂಥ ಚಿಕ್ಕ ಡೇಟಾಬೇಸ್ ಕೂಡ ಟ್ರಾನ್ಸಾಕ್ಷನ್ನಿನ ನಡುವೆ ವಿದ್ಯುತ್ ನಿಂತರೆ, ಮುಂದಿನ ಸಲ ತೆರೆದಾಗ ಅರ್ಧ ಬರೆದದ್ದನ್ನು ಅಳಿಸಿ ಹಿಂದಿನ ಸ್ಥಿತಿಗೆ ತಾನಾಗಿ ಮರಳುತ್ತದೆ. ಆ ಸೌಲಭ್ಯ ನಮಗೆ ದಕ್ಕಬೇಕಾದರೆ ಐದೂ ಪುಟಗಳ ಬರವಣಿಗೆಯನ್ನು ಒಂದು ಬಿಗಿನ್ (ಆರಂಭದ ಆಜ್ಞೆ) ಮತ್ತು ಒಂದು ಕಮಿಟ್ (ಖಾಯಂ ಮಾಡುವ ಆಜ್ಞೆ) ನಡುವೆ ಇಡಬೇಕು. ಪುಟಕ್ಕೊಂದು ಟ್ರಾನ್ಸಾಕ್ಷನ್ ಬರೆದವರಿಗೆ ಅದು ಸಿಗುವುದಿಲ್ಲ.

ವಿಂಡೋ ಮುಚ್ಚದೆಯೇ ಬದಲಾವಣೆಯನ್ನು ಜಾರಿಗೆ ತರುವ ಅಪ್ಲೈ ಬಟನ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಿದೆ: ಪರಿಣಾಮವನ್ನು ವಿಂಡೋ ಮುಚ್ಚದೆ ನೋಡಬೇಕಾದ ಸೆಟ್ಟಿಂಗ್‌ಗಳಿಗೆ, ಅಂದರೆ ಅಕ್ಷರದ ಗಾತ್ರ, ಮುದ್ರಣದ ಅಂಚು ಇಂಥವಕ್ಕೆ, ಅದು ಇರಲಿ. ಬೆಳೆಗಾರರ ಮಾಹಿತಿಯಂಥ ದಾಖಲೆಗೆ ಅದು ಬೇಡ. ಒಮ್ಮೆ ಅಪ್ಲೈ ಒತ್ತಿದ ಮೇಲೆ ಕ್ಯಾನ್ಸಲ್ ಎಂಬುದಕ್ಕೆ ಅಲ್ಲಿಯವರೆಗಿನದನ್ನು ರದ್ದು ಮಾಡುವ ಶಕ್ತಿ ಉಳಿಯುವುದಿಲ್ಲ. ವಿಂಡೋಸ್‌ನ ಪ್ರಾಪರ್ಟಿ ಶೀಟ್ ಕಟ್ಟಿದವರು ಇದನ್ನು ಯೋಚಿಸಿದ್ದರು. ಹಿಂದಕ್ಕೆ ಪಡೆಯಲಾಗದ ಬದಲಾವಣೆ ಆಗಿಹೋದಾಗ ಕ್ಯಾನ್ಸಲ್ ಬಟನ್ನನ್ನು ಮಸುಕಾಗಿಸಿ, ಓಕೆ ಬಟನ್ನಿನ ಹೆಸರನ್ನು ಕ್ಲೋಸ್ ಎಂದು ಬದಲಿಸಲು ಒಂದು ಸಂದೇಶವನ್ನೇ ಅವರು ಒದಗಿಸಿದ್ದಾರೆ. ಅಪ್ಲೈ ಇಡುವುದೇ ಆದರೆ ಈ ಪ್ರಾಮಾಣಿಕತೆಯೂ ಜೊತೆಗಿರಲಿ, ಮತ್ತು ಏನಾದರೂ ಬದಲಾಗುವವರೆಗೆ ಆ ಬಟನ್ ಮಸುಕಾಗಿಯೇ ಇರಲಿ.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಕಾಣದ ಪುಟ ನಿಜವಾಗಿ ಇದೆಯೇ? ಟೂಲ್‌ಕಿಟ್ ನೋಡಿಕೊಂಡು ಉತ್ತರ ಬದಲಾಗುತ್ತದೆ. ವಿಂಡೋಸ್‌ನ ಪ್ರಾಪರ್ಟಿ ಶೀಟ್ ಒಂದು ಪುಟವನ್ನು ಸಾಮಾನ್ಯವಾಗಿ ಅದರ ಟ್ಯಾಬಿಗೆ ಮೊದಲ ಸಲ ಹೋದಾಗಲೇ ಸೃಷ್ಟಿಸುತ್ತದೆ. ಹೋಗದೇ ಇದ್ದರೆ ಆ ಪುಟ ಹುಟ್ಟುವುದೇ ಇಲ್ಲ, ಹುಟ್ಟದ ಪುಟಕ್ಕೆ ಓಕೆಯ ಸುದ್ದಿಯೂ ಮುಟ್ಟುವುದಿಲ್ಲ. ವಿಂಡೋಸ್ ಫಾರ್ಮ್ಸ್‌ನಲ್ಲಿ ಪುಟದ ಆಬ್ಜೆಕ್ಟ್ ಇರುತ್ತದೆ, ಆದರೆ ಅದರೊಳಗಿನ ಕಂಟ್ರೋಲ್‌ಗಳ ಡೇಟಾ ಬೈಂಡಿಂಗ್ (ಅವನ್ನು ಮಾಹಿತಿಗೆ ಜೋಡಿಸುವ ಕೊಂಡಿ) ಆ ಟ್ಯಾಬ್ ಒಮ್ಮೆ ಪರದೆಗೆ ಬರುವವರೆಗೂ ಜೀವ ತಳೆಯುವುದಿಲ್ಲ. ಕ್ಯೂಟ್ ಮತ್ತು ಸ್ವಿಂಗ್‌ನಲ್ಲಿ ನೀವು ಪುಟವನ್ನು ಕಟ್ಟಿ ಸೇರಿಸಿದಾಗಲೇ ಅದು ಇರುತ್ತದೆ.

ಪುಟವನ್ನು ತಡವಾಗಿ ಸೃಷ್ಟಿಸುವುದು ಒಳ್ಳೆಯ ಉದ್ದೇಶದ್ದೇ. ವಿಂಡೋ ಬೇಗ ತೆರೆಯುತ್ತದೆ. ತೊಂದರೆ ಬರುವುದು ಮಾಹಿತಿಯನ್ನು ಕಂಟ್ರೋಲ್‌ಗಳಲ್ಲೇ ಇಟ್ಟುಕೊಂಡಾಗ. ಕಡಿತದ ಪುಟ ತೆರೆದಾಗ ಗೋದಾಮು ಬಾಡಿಗೆಯ ಫೀಲ್ಡಿಗೆ ರೂಢಿಯ ದರವನ್ನು ತುಂಬುವ ಸಾಲು ಆ ಪುಟದ ಆರಂಭದ ಕೋಡ್‌ನಲ್ಲಿ ಇದೆ ಎನ್ನಿ. ಹೊಸ ಬೆಳೆಗಾರರನ್ನು ಸೇರಿಸುತ್ತಿರುವ ಗುಮಾಸ್ತರು ವಿಳಾಸ, ಬ್ಯಾಂಕ್ ಎರಡನ್ನೇ ತುಂಬಿ ಓಕೆ ಒತ್ತುತ್ತಾರೆ. ಕಡಿತದ ಪುಟ ಹುಟ್ಟಲಿಲ್ಲ, ಆ ಸಾಲು ನಡೆಯಲಿಲ್ಲ, ಡೇಟಾಬೇಸಿನಲ್ಲಿ ಬಾಡಿಗೆ ಸೊನ್ನೆ ಎಂದು ದಾಖಲಾಯಿತು. ಅದೇ ಗುಮಾಸ್ತರು ಮರುದಿನ ಇನ್ನೊಬ್ಬರನ್ನು ಸೇರಿಸುವಾಗ ಸುಮ್ಮನೆ ಕಡಿತದ ಪುಟ ತೆರೆದು ನೋಡಿದರು, ಆಗ ದರ ತುಂಬಿತು, ದಾಖಲಾಯಿತು. ನೋಡಿದರೆ ಒಂದು ಬೆಲೆ, ನೋಡದಿದ್ದರೆ ಇನ್ನೊಂದು. ಇಂಥ ದೋಷವನ್ನು ಹುಡುಕುವುದು ಬಹಳ ಕಷ್ಟ, ಏಕೆಂದರೆ ಹುಡುಕಲು ಹೊರಟ ನಾವು ಮೊದಲು ಮಾಡುವ ಕೆಲಸವೇ ಆ ಪುಟವನ್ನು ತೆರೆದು ನೋಡುವುದು. ತೆರೆದ ಕೂಡಲೇ ದೋಷ ಮಾಯವಾಗಿರುತ್ತದೆ. ಹಾಗಾಗಿ ರೂಢಿಯ ಬೆಲೆಗಳು ನಕಲು ದಾಖಲೆ ಸೃಷ್ಟಿಯಾಗುವಾಗಲೇ ಅದರಲ್ಲಿ ಕೂರಬೇಕು. ಪರಿಶೀಲನೆಯೂ ದಾಖಲೆಯ ಮೇಲೆ ನಡೆಯಬೇಕು. ಪುಟದ ಕಂಟ್ರೋಲ್‌ಗಳು ದಾಖಲೆಯನ್ನು ತೋರಿಸುವ, ತಿದ್ದುವ ಸಾಧನ ಮಾತ್ರ. ಅವು ಇರಲಿ ಇಲ್ಲದಿರಲಿ ದಾಖಲೆ ಪೂರ್ತಿಯಾಗಿರಬೇಕು.

ಪರಿಶೀಲನೆ ಯಾವಾಗ ನಡೆಯಬೇಕು ಎಂಬುದರಲ್ಲಿ ಎರಡು ಪಂಥಗಳಿವೆ. ಪ್ರಾಪರ್ಟಿ ಶೀಟ್‌ನ ಪದ್ಧತಿಯಲ್ಲಿ ಬಳಕೆದಾರರು ಒಂದು ಪುಟ ಬಿಟ್ಟು ಹೊರಡುವಾಗಲೇ ಆ ಪುಟಕ್ಕೆ ಸೂಚನೆ ಹೋಗುತ್ತದೆ, ತಪ್ಪಿದ್ದರೆ ಪುಟ ಅವರನ್ನು ತಡೆಯಬಹುದು. ಹೀಗೆ ಮಾಡಿದ್ದರ ಹಿಂದಿನ ತರ್ಕ ಗಟ್ಟಿಯಾದದ್ದು: ಬಿಟ್ಟು ಬಂದ ಪುಟಗಳೆಲ್ಲ ಆಗಲೇ ಪಾಸಾಗಿರುವುದರಿಂದ ಓಕೆ ಒತ್ತಿದಾಗ ಎದುರಿಗಿರುವ ಪುಟವನ್ನು ನೋಡಿದರೆ ಸಾಕು. ಆದರೂ ನಾನು ಅದನ್ನು ಒಪ್ಪುವುದಿಲ್ಲ. ಐಎಫ್‌ಎಸ್‌ಸಿಯಲ್ಲಿ 11 ಅಕ್ಷರಗಳಿರಬೇಕು, ಮೊದಲ ನಾಲ್ಕು ಬ್ಯಾಂಕಿನವು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯವು. ಗುಮಾಸ್ತರು ಏಳು ಅಕ್ಷರ ಹೊಡೆದಿದ್ದಾರೆ. ಎದುರಿಗೆ ನಿಂತ ಬೆಳೆಗಾರರು, ‘ತಮ್ಮಾ, ಪಾಸ್‌ಬುಕ್ ಮನೆಯಲ್ಲೇ ಉಳಿದಿದೆ, ಫೋನ್ ಮಾಡಿ ಕೇಳುತ್ತೇನೆ, ಅಲ್ಲಿಯವರೆಗೆ ಸರ್ವೆ ನಂಬರ್ ಬರೆದುಕೊ’ ಎನ್ನುತ್ತಾರೆ. ತೋಟದ ಟ್ಯಾಬಿಗೆ ಹೋಗಲು ಪ್ರೋಗ್ರಾಂ ಬಿಡುವುದಿಲ್ಲ. ಆಗ ಆತ ಮಾಡುವುದೇನು? ಹೊಡೆದದ್ದನ್ನು ಅಳಿಸಬೇಕು, ಇಲ್ಲವೇ ಪಾಸಾಗುವಂಥ ಏನಾದರೊಂದು ಹನ್ನೊಂದು ಅಕ್ಷರ ತುಂಬಿಬಿಡಬೇಕು. ತಡೆಯುವ ಪರಿಶೀಲನೆ ಸುಳ್ಳು ಮಾಹಿತಿಯನ್ನು ಹುಟ್ಟಿಸುವುದು ಹೀಗೆ.

ಆದ್ದರಿಂದ ಪುಟ ಬಿಡುವಾಗ ಪರಿಶೀಲಿಸಿ, ಆದರೆ ತಡೆಯಬೇಡಿ. ಟ್ಯಾಬಿನ ಹೆಸರಿನ ಪಕ್ಕ ಒಂದು ಗುರುತು ಹಾಕಿ. ತಡೆಯುವುದು ಓಕೆಯ ಬಳಿ. ಅಲ್ಲಿ ತಪ್ಪು ಸಿಕ್ಕರೆ ಬರೀ ‘ಮಾಹಿತಿ ಸರಿಯಿಲ್ಲ’ ಎಂಬ ಪೆಟ್ಟಿಗೆ ತೋರಿಸಿ ಸುಮ್ಮನಾಗುವುದು ಅನ್ಯಾಯ, ಏಕೆಂದರೆ ನೋಡುತ್ತಿರುವ ಪುಟದಲ್ಲಿ ಎಲ್ಲವೂ ಸರಿಯೇ ಇರುತ್ತದೆ. ಮೊದಲ ತಪ್ಪಿರುವ ಟ್ಯಾಬಿಗೆ ಪ್ರೋಗ್ರಾಂ ತಾನೇ ಹೋಗಬೇಕು, ಕರ್ಸರನ್ನು ಆ ಫೀಲ್ಡಿನಲ್ಲಿಡಬೇಕು, ಫೀಲ್ಡಿನ ಪಕ್ಕದಲ್ಲೇ ಏನು ಬೇಕೆಂದು ಹೇಳಬೇಕು: ‘ಐಎಫ್‌ಎಸ್‌ಸಿಗೆ ಇನ್ನೂ 4 ಅಕ್ಷರ ಬೇಕು’, ‘ಗುಂಟೆ 40ಕ್ಕಿಂತ ಕಡಿಮೆ ಇರಬೇಕು’. ಕೋಡಿನಲ್ಲಿ ಈ ಕ್ರಮ ತಪ್ಪಕೂಡದು. ಟ್ಯಾಬ್ ಬದಲಿಸಿದ ಮೇಲೆಯೇ ಕರ್ಸರ್ ಇಡಬೇಕು, ಏಕೆಂದರೆ ಮರೆಯಲ್ಲಿರುವ ಫೀಲ್ಡು ಕರ್ಸರನ್ನು ಹಿಡಿದುಕೊಳ್ಳಲಾರದು. ಕ್ಯೂಟ್‌ನಲ್ಲಿ ಡೈಲಾಗಿನ ಆಕ್ಸೆಪ್ಟ್ ಫಂಕ್ಷನ್ನನ್ನು ನೀವೇ ಮರುಬರೆದು, ಪರಿಶೀಲನೆ ಗೆದ್ದರೆ ಮಾತ್ರ ಮೂಲ ಆಕ್ಸೆಪ್ಟನ್ನು ಕರೆಯಿರಿ. ವಿಂಡೋಸ್ ಫಾರ್ಮ್ಸ್ ಬಳಸುವವರು ಕ್ಯಾನ್ಸಲ್ ಬಟನ್ನಿನ ‘ಕಾಸಸ್ ವ್ಯಾಲಿಡೇಶನ್’ ಗುಣವನ್ನು ಫಾಲ್ಸ್ ಮಾಡಲು ಮರೆಯಬೇಡಿ. ಮರೆತರೆ ತಪ್ಪು ಮಾಹಿತಿ ಬಿಟ್ಟು ಹೊರಗೆ ಹೋಗಲು ಬಯಸಿದವರಿಗೂ ದಾರಿ ಸಿಗುವುದಿಲ್ಲ.

ಗಾತ್ರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಟ್ಯಾಬ್ ಬದಲಿಸಿದಾಗಲೆಲ್ಲ ವಿಂಡೋ ಹಿಗ್ಗುವುದು ಕುಗ್ಗುವುದು ಕಣ್ಣಿಗೂ ಕೈಗೂ ಹಿಂಸೆ, ಓಕೆ ಬಟನ್ ಇದ್ದಲ್ಲಿ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಪುಟದ ಅಳತೆಗೆ ವಿಂಡೋ ನಿಲ್ಲಬೇಕು; ಕ್ಯೂಟ್ ಮತ್ತು ಸ್ವಿಂಗ್ ಲೇಔಟ್‌ಗಳನ್ನು ಬಳಸಿದರೆ ಈ ಲೆಕ್ಕವನ್ನು ಅವೇ ಮಾಡುತ್ತವೆ. ಒಂದು ಪುಟದಲ್ಲಿ ಮೂರು ಫೀಲ್ಡ್, ಇನ್ನೊಂದರಲ್ಲಿ ಮೂವತ್ತು ಇದ್ದರೆ ಹಂಚಿಕೆಯನ್ನೇ ಮತ್ತೆ ಮಾಡಿ. ಕಚೇರಿಗಳಲ್ಲಿ 1366 ಗುಣಿಸು 768ರ ಪರದೆ ಇನ್ನೂ ಸಾಕಷ್ಟಿದೆ ಎಂಬುದು ನೆನಪಿರಲಿ. ಟ್ಯಾಬ್‌ಗಳು ಒಂದು ಸಾಲಿನಲ್ಲಿ ಹಿಡಿಸದಿದ್ದಾಗ ಎರಡನೆಯ ಸಾಲು ಮಾಡುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ವಿಂಡೋಸ್‌ನಲ್ಲಿ ಹಿಂದಿನ ಸಾಲಿನ ಟ್ಯಾಬ್ ಒತ್ತಿದರೆ ಆ ಇಡೀ ಸಾಲು ಮುಂದಕ್ಕೆ ಬಂದು ಮುಂದಿನದು ಹಿಂದಕ್ಕೆ ಹೋಗುತ್ತದೆ. ಯಾವ ಟ್ಯಾಬ್ ಎಲ್ಲಿತ್ತು ಎಂಬ ಕೈಯ ನೆನಪು ಪ್ರತಿ ಸಲವೂ ಕೆಡುತ್ತದೆ. ಏಳೆಂಟು ಪುಟಗಳನ್ನು ದಾಟಿದರೆ ಎಡಗಡೆ ಹೆಸರುಗಳ ಪಟ್ಟಿ, ಬಲಗಡೆ ಪುಟ ಎಂಬ ರಚನೆಗೆ ಹೋಗಿ. ಪುಟಗಳ ಕ್ಲಾಸ್‌ಗಳನ್ನು ಬೇರೆಯಾಗಿಯೇ ಬರೆದಿದ್ದರೆ ಆ ಬದಲಾವಣೆ ಒಂದು ಮಧ್ಯಾಹ್ನದ ಕೆಲಸ.

ಕನ್ನಡದಲ್ಲಿ ಹೆಸರು ಬರೆದ ಟ್ಯಾಬ್‌ಗಳಿಗೆ ಸ್ವಲ್ಪ ಹೆಚ್ಚಿನ ಕಾಳಜಿ ಬೇಕು. ‘ಬ್ಯಾಂಕ್’, ‘ಲೆಕ್ಕ’, ‘ಒಪ್ಪಿಗೆ’ ಇವುಗಳಲ್ಲಿ ಒತ್ತಕ್ಷರ ಸಾಲಿನಿಂದ ಕೆಳಗಿಳಿಯುತ್ತದೆ. ಟ್ಯಾಬ್ ಪಟ್ಟಿಯ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ತಕ್ಕಂತೆ ಪಿಕ್ಸೆಲ್‌ಗಳಲ್ಲಿ ಕಟ್ಟಿಹಾಕಿದ್ದರೆ ಆ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ಆಗ ‘ಲೆಕ್ಕ’ದ ಒತ್ತು ಯಾವುದೆಂದು ಓದುವವರು ಊಹಿಸಬೇಕು. ಎತ್ತರವನ್ನು ಫಾಂಟಿನ ಅಳತೆಯಿಂದ ಪಡೆಯಿರಿ, ಮತ್ತು ಎಲ್ಲಿ ಯಾವ ಫಾಂಟ್ ಇದೆ ಎಂಬುದನ್ನು ನೋಡಿಕೊಳ್ಳಿ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ತುಂಗಾ ಜೊತೆಗೇ ಬರುತ್ತಿತ್ತು, ವಿಂಡೋಸ್ 10ರಿಂದ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು; ವಿಂಡೋಸ್ 8ರಿಂದ ನಿರ್ಮಲಾ ಯುಐ ಜೊತೆಗೇ ಬರುತ್ತದೆ, ಲಿನಕ್ಸ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಹಾಕಿಕೊಳ್ಳಬಹುದು. ಇವುಗಳ ಎತ್ತರ ಅಗಲಗಳು ಒಂದೇ ಅಲ್ಲ. ಹೆಸರು ಒಂದೆರಡು ಪದ ಮೀರದಿರಲಿ. ‘ಬ್ಯಾಂಕ್ ಖಾತೆಗೆ ಸಂಬಂಧಿಸಿದ ವಿವರಗಳು’ ಎಂದು ಟ್ಯಾಬಿನ ಮೇಲೆ ಬರೆದರೆ ಐದು ಟ್ಯಾಬ್‌ಗಳು ಪರದೆ ದಾಟುತ್ತವೆ. ‘ಬ್ಯಾಂಕ್’ ಎಂದರೆ ಯಾರಿಗೆ ತಿಳಿಯುವುದಿಲ್ಲ?

ಕೀಬೋರ್ಡಿನಿಂದ ಎಲ್ಲವೂ ನಡೆಯಬೇಕು. ದಿನವಿಡೀ ದಾಖಲೆ ತುಂಬುವವರ ಕೈ ಮೌಸ್ ಕಡೆ ಹೋಗುವುದೇ ಅಪರೂಪ. ಕಂಟ್ರೋಲ್ ಮತ್ತು ಟ್ಯಾಬ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮುಂದಿನ ಪುಟ, ಶಿಫ್ಟ್ ಸೇರಿಸಿದರೆ ಹಿಂದಿನದು. ಟಿಟಿಕೆಯಲ್ಲಿ ಇದಕ್ಕೆ ಎನೇಬಲ್ ಟ್ರಾವರ್ಸಲ್ ಎಂಬ ಒಂದು ಕರೆ ಬೇಕು, ಅದಿಲ್ಲದೆ ಆಗುವುದಿಲ್ಲ. ಪುಟದೊಳಗೆ ಟ್ಯಾಬ್ ಕೀಲಿಯ ಓಟ ಕಣ್ಣಿನ ಓಟದಂತೆಯೇ ಇರಲಿ: ಸರ್ವೆ ನಂಬರ್, ಹಿಸ್ಸಾ, ಎಕರೆ, ಗುಂಟೆ. ಕೊನೆಯ ಫೀಲ್ಡಿನಿಂದ ಅದು ಓಕೆಗೆ ಹೋಗಬೇಕು, ಕಾಣದ ಪುಟದ ಫೀಲ್ಡಿಗೆ ಜಾರಬಾರದು. ಎಸ್ಕೇಪ್ ಒತ್ತಿದರೆ ಕ್ಯಾನ್ಸಲ್, ಆದರೆ ಯಾವ ಪುಟದಲ್ಲಾದರೂ ಏನಾದರೂ ಬದಲಾಗಿದ್ದರೆ ಒಮ್ಮೆ ಕೇಳಿಯೇ ಮುಚ್ಚಬೇಕು. ಟ್ಯಾಬಿನ ಹೆಸರಲ್ಲಿ ಅಡಿಗೆರೆ ಎಳೆದ ಅಕ್ಷರವನ್ನು ಆಲ್ಟ್ ಜೊತೆ ಒತ್ತುವ ಅಭ್ಯಾಸ ಕನ್ನಡದ ಹೆಸರುಗಳಿಗೆ ಸುಲಭವಾಗಿ ಹೊಂದುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಕೀಬೋರ್ಡ್ ಇಂಗ್ಲಿಷಿನಲ್ಲಿದ್ದರೆ ಆ ಅಕ್ಷರಕ್ಕೆ ಕೀಲಿಯೇ ಇಲ್ಲ. ಜಪಾನೀ ತಂತ್ರಾಂಶಗಳಲ್ಲಿ ಹೆಸರಿನ ಕೊನೆಗೆ ಒಂದು ರೋಮನ್ ಅಕ್ಷರ ಸೇರಿಸುವ ರೂಢಿಯಿದೆ. ಆಲ್ಟ್ ಜೊತೆ ಅಂಕಿ ಒತ್ತಿದರೆ ಆ ಸಂಖ್ಯೆಯ ಪುಟ ಬರುವಂತೆ ಮಾಡುವುದು ನನಗೆ ಅದಕ್ಕಿಂತ ಸರಳವೆನಿಸುತ್ತದೆ. ಕಣ್ಣು ಕಾಣದವರು ಎನ್‌ವಿಡಿಎಯಂಥ ಪರದೆ ಓದುಗ ಬಳಸಿ ಕೆಲಸ ಮಾಡುತ್ತಾರೆ, ಅದು ಈಸ್ಪೀಕ್ ಎಂಬ ಧ್ವನಿ ತಂತ್ರಾಂಶದ ಮೂಲಕ ಕನ್ನಡವನ್ನೂ ಓದುತ್ತದೆ. ತಪ್ಪಿನ ಗುರುತನ್ನು ಕೆಂಪು ಬಣ್ಣದಲ್ಲಷ್ಟೇ ತೋರಿಸಿದರೆ ಅವರಿಗೆ ಅದು ಮುಟ್ಟುವುದಿಲ್ಲ. ಟ್ಯಾಬಿನ ಓದುವ ಹೆಸರಿನಲ್ಲೇ ‘ಬ್ಯಾಂಕ್, ತಪ್ಪಿದೆ’ ಎಂದು ಸೇರಬೇಕು.

ಉಪನ್ಯಾಸದ ಕೊನೆಗೆ ಒಬ್ಬ ವಿದ್ಯಾರ್ಥಿನಿ, ‘ಸರ್, ಇಷ್ಟೆಲ್ಲ ತೊಡಕಿದ್ದರೆ ಎಲ್ಲವನ್ನೂ ಒಂದೇ ಉದ್ದನೆಯ ಪುಟದಲ್ಲಿ ಇಟ್ಟು ಸ್ಕ್ರೋಲ್ ಮಾಡಿಸಬಾರದೇಕೆ?’ ಎಂದು ಕೇಳಿದರು. ಬಹಳ ಸರಿಯಾದ ಪ್ರಶ್ನೆ. ಹೊಸ ಬೆಳೆಗಾರರನ್ನು ಸೇರಿಸುವಾಗ ಎಲ್ಲವನ್ನೂ ಮೇಲಿನಿಂದ ಕೆಳಗೆ ಒಮ್ಮೆ ತುಂಬಬೇಕಾಗುತ್ತದೆ; ಅಲ್ಲಿ ಉದ್ದನೆಯ ಪುಟವೇ ಮೇಲು, ಕಾಗದದ ಅರ್ಜಿಯ ಕ್ರಮದಲ್ಲೇ ಸಾಗಬಹುದು. ಟ್ಯಾಬ್‌ಗಳು ಸಲ್ಲುವುದು ಇರುವ ದಾಖಲೆಯನ್ನು ತೆರೆದು ಒಂದೇ ವಿಷಯ ನೋಡಲು ಅಥವಾ ತಿದ್ದಲು ಬಂದಾಗ: ಫೋನ್ ನಂಬರ್ ಬದಲಾಗಿದೆ, ನಾಮಿನಿ ಬದಲಾಗಿದ್ದಾರೆ. ದಾಖಲೆಯನ್ನು ಕಂಟ್ರೋಲ್‌ಗಳಿಂದ ಬೇರ್ಪಡಿಸಿ ಇಟ್ಟಿದ್ದರೆ ಒಂದೇ ದಾಖಲೆಗೆ ಎರಡು ಬಗೆಯ ವಿಂಡೋ ಬರೆಯುವುದು ಭಾರವಾಗುವುದಿಲ್ಲ.

ಪರೀಕ್ಷಿಸುವುದು ಹೇಗೆಂದು ಇನ್ನೊಬ್ಬರು ಕೇಳಿದರು. ಹಳೆಯ ದಾಖಲೆಯೊಂದನ್ನು ತೆರೆದು, ಯಾವ ಟ್ಯಾಬನ್ನೂ ಮುಟ್ಟದೆ ಓಕೆ ಒತ್ತಿ. ಡೇಟಾಬೇಸಿನಲ್ಲಿ ಒಂದು ಅಕ್ಷರವೂ ಬದಲಾಗಿರಬಾರದು. ಆಮೇಲೆ ಕೊನೆಯ ಟ್ಯಾಬಿನಲ್ಲಿ ಒಂದೇ ಒಂದು ಫೀಲ್ಡ್ ತಿದ್ದಿ ಓಕೆ ಒತ್ತಿ, ಅದೊಂದೇ ಬದಲಾಗಿರಬೇಕು. ಮೂರನೆಯದಾಗಿ ಬ್ಯಾಂಕ್ ಪುಟದಲ್ಲಿ ಐಎಫ್‌ಎಸ್‌ಸಿಯ ಒಂದು ಅಕ್ಷರ ಅಳಿಸಿ, ನಾಮಿನಿ ಪುಟಕ್ಕೆ ಹೋಗಿ ಅಲ್ಲಿಂದ ಎಂಟರ್ ಒತ್ತಿ ಮತ್ತು ಕರ್ಸರ್ ಎಲ್ಲಿಗೆ ಬಂತು ನೋಡಿ. ಇವಿಷ್ಟನ್ನೂ ಮೌಸ್ ತೆಗೆದಿಟ್ಟು, ಪರದೆಯ ಅಳತೆಯನ್ನು 125 ಶೇಕಡಕ್ಕೆ ಏರಿಸಿ, ಟ್ಯಾಬಿನ ಹೆಸರುಗಳು ಕನ್ನಡದಲ್ಲಿರುವಾಗ ಮಾಡಿ. ಕೊನೆಯದನ್ನು ಡೇಟಾಬೇಸಿನ ಬೇರೊಂದು ಪ್ರತಿಯ ಮೇಲೆ ಮಾಡಬೇಕು: ಐದೂ ಪುಟಗಳಲ್ಲಿ ಏನಾದರೂ ತಿದ್ದಿ, ಓಕೆ ಒತ್ತಿದ ಕ್ಷಣವೇ ಗಣಕದ ಪ್ಲಗ್ ಕೀಳಿ. ಮತ್ತೆ ತೆರೆದಾಗ ಐದೂ ತಿದ್ದುಪಡಿಗಳು ಇರಬೇಕು, ಇಲ್ಲವೇ ಐದರಲ್ಲಿ ಒಂದೂ ಇರಬಾರದು.